ಹಿತ್ತಲ ಅಡುಗೆಮನೆಗೆ ಗ್ಯಾಸ್ ಗ್ರಿಲ್: ಕೊಳ್ಳುವ ಮೊದಲು ನಾಲ್ಕು ಲೆಕ್ಕ



ಗೊಬ್ಬರದ ಚೀಟಿ ಬರೆಸಲು ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಕೆಲವರು ಈಚೆಗೆ ಒಂದು ಹೊಸ ಪ್ರಶ್ನೆ ಕೇಳುತ್ತಿದ್ದಾರೆ. ಮನೆಯ ಹಿಂದೆ ಹೊರಗಡುಗೆಮನೆಯೊಂದನ್ನು ಕಟ್ಟಿಸುತ್ತಿದ್ದೇವೆ, ಅದರ ಕಲ್ಲುಕಟ್ಟೆಯೊಳಗೆ ಕೂರಿಸುವಂಥ ಗ್ಯಾಸ್ ಗ್ರಿಲ್ ಹಾಕಿಸಬೇಕೆಂದು ಮಕ್ಕಳು ಹೇಳುತ್ತಾರೆ, ಯಾವುದನ್ನು ಕೊಂಡರೆ ಒಳ್ಳೆಯದು, ಎಂಬುದೇ ಆ ಪ್ರಶ್ನೆ. ನಮ್ಮಲ್ಲಿ ಗ್ರಿಲ್ ಎಂದರೆ ಕಿಟಕಿಯ ಕಂಬಿ ಎಂದೇ ರೂಢಿ. ಇಲ್ಲಿ ಹೇಳುತ್ತಿರುವುದು ಕೆಳಗೆ ಅನಿಲದ ಉರಿ, ಮೇಲೆ ಉಕ್ಕಿನ ಅಥವಾ ಬೀಡುಕಬ್ಬಿಣದ ಸರಳುಗಳು, ಅದರ ಮೇಲೊಂದು ಮುಚ್ಚಳ ಇರುವ, ಕೋಳಿ, ಮೀನು, ಬದನೆಕಾಯಿ, ಗೆಣಸು ಸುಡುವ ಒಲೆಯನ್ನು.

ಈ ಪ್ರಶ್ನೆ ಹುಟ್ಟಲು ಕಾರಣಗಳಿವೆ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಗಳ ಕಡೆ ಹೋಂಸ್ಟೇಗಳು ಬೆಳೆದುದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಅರಕಲಗೂಡು ತಾಲ್ಲೂಕಿನ ಪಶ್ಚಿಮದ ತೋಟಗಳವರಿಗೂ ಆ ಆಸೆ ಬಂದಿದೆ. ಬೆಂಗಳೂರಿನಿಂದಲೋ ಅಮೆರಿಕದಿಂದಲೋ ರಜೆಗೆ ಬರುವ ಮಕ್ಕಳು ಅಲ್ಲಿಯ ಹಿತ್ತಲುಗಳ ಚಿತ್ರ ತೋರಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, 2024-25ರಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿ, ಬಹಳ ವರ್ಷಗಳ ಮೇಲೆ ಬೆಳೆಗಾರನ ಕೈಯಲ್ಲಿ ನಾಲ್ಕು ಕಾಸು ಉಳಿಯಿತು. ಉಳಿದ ಹಣಕ್ಕೆ ದಾರಿ ಹುಡುಕುವುದು ಮನುಷ್ಯ ಸ್ವಭಾವ. ಅದನ್ನು ತಪ್ಪೆನ್ನುವವನು ನಾನಲ್ಲ. ಆದರೆ ಕಟ್ಟೆಯೊಳಗೆ ಕೂರಿಸಿದ ವಸ್ತುವನ್ನು ಬೇಡವೆನಿಸಿದಾಗ ಎತ್ತಿ ಅಟ್ಟಕ್ಕೆ ಹಾಕುವಂತಿಲ್ಲ. ಆದುದರಿಂದ ಕೊಳ್ಳುವ ಮೊದಲು ನಾಲ್ಕು ಲೆಕ್ಕ ಹಾಕಬೇಕು. ಅವು ಬಳಕೆಯ ಲೆಕ್ಕ, ಲೋಹದ ಲೆಕ್ಕ, ಅನಿಲದ ಲೆಕ್ಕ ಮತ್ತು ಜಾಗದ ಲೆಕ್ಕ. ಜಾಗವನ್ನು ಮೊದಲು ಸರಿಯಾಗಿ ಕಟ್ಟಿ, ಗ್ರಿಲ್ಲನ್ನು ಕೊನೆಗೆ ಕೊಳ್ಳಿ, ಆ ಒಲೆಯ ಮುಂದೆ ನಿಲ್ಲುವವರನ್ನು ಕೇಳಿ ಕೊಳ್ಳಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಬಳಕೆಯ ಲೆಕ್ಕ

ಹೊರಗಡುಗೆಮನೆ ನಮಗೆ ಹೊಸದಲ್ಲ. ಬಚ್ಚಲ ಹಂಡೆಯ ಒಲೆ, ಅಡಿಕೆ ಬೇಯಿಸುವ ಒಲೆ, ಹಬ್ಬ ಹುಣ್ಣಿಮೆಗೆ ಮೂರು ಕಲ್ಲು ಹೂಡಿದ ಒಲೆ, ಇವೆಲ್ಲ ಹಿತ್ತಲಲ್ಲೇ ಇದ್ದವು. ಹಣ್ಣು ಕೊಯ್ಲಿನ ದಿನಗಳಲ್ಲಿ ಇಪ್ಪತ್ತು ಮೂವತ್ತು ಆಳುಗಳಿಗೆ ಕಾಫಿ, ತಿಂಡಿ, ಮುದ್ದೆ, ಸಾರು ಆಗುವುದೂ ಅಲ್ಲಿಯೇ. ಈಗ ಯೋಚಿಸಿ ನೋಡಿ. ಗ್ರಿಲ್ಲಿನ ಸರಳುಗಳ ಮೇಲೆ ಮುದ್ದೆಯ ಪಾತ್ರೆ ಕೂರುವುದಿಲ್ಲ. ಕೂರಿಸಿದರೂ ಉರಿ ಅಗಲಕ್ಕೆ ಹರಡಿರುವುದರಿಂದ ಅರ್ಧಕ್ಕರ್ಧ ಶಾಖ ಪಾತ್ರೆಯ ಪಕ್ಕದಿಂದ ಹೊರಟುಹೋಗುತ್ತದೆ. ಅನ್ನ ಬಸಿಯುವುದು, ಅಕ್ಕಿ ರೊಟ್ಟಿ ಬೇಯಿಸುವುದು, ನೀರು ಕಾಯಿಸುವುದು ಯಾವುದೂ ಅದರ ಕೆಲಸವಲ್ಲ. ಸುಡುವುದೊಂದೇ ಅದರ ಕೆಲಸ. ಒಂದು ಕೆಲಸದ ಯಂತ್ರ ವರ್ಷಕ್ಕೆ ಎಷ್ಟು ದಿನ ದುಡಿಯುತ್ತದೆ ಎಂದು ನೋಡಿಯೇ ಅದಕ್ಕೆ ಹಣ ಹಾಕಬೇಕು. ಪಲ್ಪರ್ ಕೊಳ್ಳುವಾಗ ನಾವು ಮಾಡುವ ಲೆಕ್ಕವೂ ಇದೇ ಅಲ್ಲವೇ?

ಒಂದು ಉದಾಹರಣೆ ಹಾಕೋಣ. ಗ್ರಿಲ್ಲಿಗೆ ಒಂದು ಲಕ್ಷ ರೂಪಾಯಿ, ಅದರ ಆಯುಸ್ಸು 8 ವರ್ಷ ಎಂದಿಟ್ಟುಕೊಳ್ಳಿ. ಮನೆಯವರು ಮತ್ತು ನೆಂಟರು ಸೇರಿ ತಿಂಗಳಿಗೆ ಒಂದು ಸಂಜೆ ಅದನ್ನು ಹಚ್ಚಿದರೆ 8 ವರ್ಷಕ್ಕೆ 96 ಸಂಜೆಗಳು. ಸಂಜೆಯೊಂದಕ್ಕೆ ಸಾವಿರದ ನಲವತ್ತು ರೂಪಾಯಿ ಗ್ರಿಲ್ಲಿನ ಬಾಡಿಗೆಯೇ ಆಯಿತು. ಅನಿಲ, ಮಾಂಸ, ಮಸಾಲೆ ಇನ್ನು ಬೇರೆ. ಅದೇ ಗ್ರಿಲ್ಲನ್ನು ಹೋಂಸ್ಟೇ ನಡೆಸುವವರು ವರ್ಷಕ್ಕೆ 100 ಸಂಜೆ ಹಚ್ಚಿದರೆ ಬಾಡಿಗೆ 125 ರೂಪಾಯಿಗೆ ಇಳಿಯುತ್ತದೆ. ವಸ್ತು ಒಂದೇ, ಬೆಲೆಯೂ ಒಂದೇ, ಒಬ್ಬರಿಗೆ ಹೊರೆ, ಇನ್ನೊಬ್ಬರಿಗೆ ಆಸರೆ. ವಾರಕ್ಕೆರಡು ಸಂಜೆಯಾದರೂ ಅತಿಥಿಗಳು ಬರುವ ಮನೆಗೆ ಗ್ಯಾಸ್ ಗ್ರಿಲ್ ಸಲ್ಲುತ್ತದೆ. ಐದು ನಿಮಿಷದಲ್ಲಿ ಹತ್ತುತ್ತದೆ, ಬೇಕಾದಷ್ಟು ಉರಿ ತಗ್ಗಿಸಬಹುದು, ಬೂದಿ ಬಳಿಯುವ ಕೆಲಸವಿಲ್ಲ, ಹೊಗೆ ಕಡಿಮೆ. ಉಳಿದವರಿಗೆ ಇಟ್ಟಿಗೆಯ ತೊಟ್ಟಿ, ಅದರ ಮೇಲೆ ಎತ್ತಿಡಬಹುದಾದ ಸರಳಿನ ಜಾಲರಿ, ಒಳಗೆ ತೆಂಗಿನ ಚಿಪ್ಪಿನ ಕೆಂಡ, ಇಷ್ಟು ಧಾರಾಳ ಸಾಕು. ಕಾಫಿ ಕಸಿಯ ಕಡ್ಡಿ, ಸಿಲ್ವರ್ ಓಕಿನ ಕೊಂಬೆ, ತೆಂಗಿನ ಚಿಪ್ಪು ನಮ್ಮ ತೋಟದ್ದೇ. ಅನಿಲ ಮಾತ್ರ ಪೇಟೆಯಿಂದ ದುಡ್ಡು ಕೊಟ್ಟು ತರುವಂಥದು.

ರುಚಿಯ ವಿಷಯದಲ್ಲೂ ಒಂದು ಭ್ರಮೆ ಇದೆ. ಸುಟ್ಟ ಮಾಂಸದ ಆ ಪರಿಮಳ ಬರುವುದು ಬಹುಮಟ್ಟಿಗೆ ಕೊಬ್ಬು ಮತ್ತು ರಸ ಬಿಸಿಯಾದ ತಗಡಿನ ಮೇಲೋ ಕೆಂಡದ ಮೇಲೋ ತೊಟ್ಟಿಕ್ಕಿ, ಆವಿಯಾಗಿ ಮೇಲೆದ್ದು ಮಾಂಸಕ್ಕೆ ಹತ್ತುವುದರಿಂದ. ಇಷ್ಟು ಗ್ಯಾಸ್ ಗ್ರಿಲ್ಲಿನಲ್ಲೂ ಸಿಗುತ್ತದೆ. ಸೌದೆ ಹೊಗೆಯ ವಾಸನೆ ಮಾತ್ರ ಸೌದೆಯಿಂದಲೇ ಬರಬೇಕು. ಅತಿಥಿಗಳು ಪೇಟೆಯಿಂದ ಇಲ್ಲಿಯವರೆಗೆ ಬರುವುದು ಆ ವಾಸನೆಗೆ ಎನ್ನುವುದಾದರೆ ಪೇಟೆಯ ಒಲೆಯನ್ನೇ ಅವರ ಮುಂದಿಡುವುದರಲ್ಲಿ ಅರ್ಥವಿದೆಯೇ ಎಂದು ನೀವೇ ಯೋಚಿಸಬೇಕು.

ಲೋಹದ ಲೆಕ್ಕ

ಅಂಗಡಿಯಲ್ಲಿ ಎಲ್ಲವೂ ಬೆಳ್ಳಗೆ ಹೊಳೆಯುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪಶ್ಚಿಮದ ಹೋಬಳಿಗಳ ಜಡಿಮಳೆಗೆ ನಿಲ್ಲುವುದು ಯಾವುದು ಎಂಬುದು ಬೇರೆ ಮಾತು. ತುಕ್ಕು ಹಿಡಿಯದ ಉಕ್ಕಿನಲ್ಲಿ ಮುಖ್ಯವಾಗಿ ಮೂರು ಬಗೆ ನಿಮ್ಮ ಮುಂದೆ ಬರುತ್ತವೆ. 304 ಎಂಬುದರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರುತ್ತದೆ. ಹೊರಗಿಡುವ ಒಲೆಗೆ ಇದೇ ತಕ್ಕದ್ದು. 202 ಎಂಬುದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿರುತ್ತಾರೆ. ಅದು ಅಗ್ಗ, ತೇವದಲ್ಲಿ ಬೇಗ ತುಕ್ಕು ಕಾಣುತ್ತದೆ. 430ರಲ್ಲಿ ನಿಕ್ಕಲ್ ಇಲ್ಲವೆಂದರೂ ಸರಿಯೆ. ಅಯಸ್ಕಾಂತ ಹಿಡಿದು ಪರೀಕ್ಷಿಸಿ ಎಂದು ಅನೇಕರು ಹೇಳುತ್ತಾರೆ. ಈ ಪರೀಕ್ಷೆ ಅರ್ಧ ಮಾತ್ರ ಸತ್ಯ. 430ಕ್ಕೆ ಅಯಸ್ಕಾಂತ ಅಂಟಿಕೊಳ್ಳುತ್ತದೆ, ಅದನ್ನು ಹೀಗೆ ಕಂಡುಹಿಡಿಯಬಹುದು. ಆದರೆ 304ಕ್ಕೂ 202ಕ್ಕೂ ಅಂಟಿಕೊಳ್ಳುವುದಿಲ್ಲ. ಆದ್ದರಿಂದ ಇವೆರಡರ ಭೇದ ಅಯಸ್ಕಾಂತದಿಂದ ತಿಳಿಯದು. ಯಾವ ದರ್ಜೆಯ ಉಕ್ಕು ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಅಂಗಡಿಯವರು ಹಿಂಜರಿದರೆ ಉತ್ತರ ಸಿಕ್ಕಿತೆಂದು ತಿಳಿಯಿರಿ.

304 ಆದರೂ ಅದಕ್ಕೆ ಉಪ್ಪು ಶತ್ರು. ಉಪ್ಪು, ನಿಂಬೆರಸ, ಕಾಚಂಪುಳಿ ಸವರಿದ ಮಾಂಸ ಸುಟ್ಟಮೇಲೆ ಒರೆಸದೆ ಬಿಟ್ಟರೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ನಮ್ಮ ಮನೆಗಳಲ್ಲಿ ಇನ್ನೊಂದು ಅಪಾಯವೂ ಇದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರವೂ ಕ್ಲೋರೈಡೇ. ಬ್ಲೀಚಿಂಗ್ ಪುಡಿಯೂ ಅದೇ ಕುಲದ್ದು. ಗೊಬ್ಬರದ ಚೀಲ ಇಡಲು ಒಳ್ಳೆಯ ಜಾಗವಾಯಿತೆಂದು ಗ್ರಿಲ್ ಕಟ್ಟೆಯ ಕೆಳಗಿನ ಗೂಡಿಗೆ ತುರುಕಿದರೆ ಒಂದೇ ಮಳೆಗಾಲದಲ್ಲಿ ಲಕ್ಷದ ವಸ್ತುವಿನ ಮೈಮೇಲೆ ಕಂದು ಕಲೆ ಎದ್ದೀತು.

ಮೈಯ ತಗಡಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಬರ್ನರಿಗೆ. ಮೊದಲು ಸುಟ್ಟುಹೋಗುವುದು ಅದೇ. ದಪ್ಪ ತಗಡಿನ 304, ಹಿತ್ತಾಳೆ, ಬೀಡುಕಬ್ಬಿಣ, ಈ ಮೂರರಲ್ಲಿ ಯಾವುದಾದರೂ ಆದೀತು. ತೆಳು ತಗಡಿನದು ಬೇಡ. ಐದು ವರ್ಷದ ಮೇಲೆ ಇದೇ ಅಳತೆಯ ಬರ್ನರ್ ಹಾಸನದಲ್ಲೋ ಬೆಂಗಳೂರಿನಲ್ಲೋ ಸಿಗುವುದೇ ಎಂದು ಕೊಳ್ಳುವ ದಿನವೇ ಕೇಳಿ. ಬಿಡಿಭಾಗ ಸಿಗದ ಸ್ಪ್ರೇಯರ್ ಎಷ್ಟು ಮನೆಗಳ ಮೂಲೆಯಲ್ಲಿ ಬಿದ್ದಿದೆ ಎಂಬುದು ನಮಗೆ ತಿಳಿಯದ ವಿಷಯವಲ್ಲ.

ಅನಿಲದ ಲೆಕ್ಕ

ಗ್ರಿಲ್ಲಿನ ಶಕ್ತಿಯನ್ನು ಬಿ.ಟಿ.ಯು. ಎಂಬ ಅಳತೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಹೆಚ್ಚು ಬಿ.ಟಿ.ಯು. ಎಂದರೆ ಹೆಚ್ಚು ಒಳ್ಳೆಯದು ಎಂದು ಮಾರುವವರ ವಾದ. ಆದರೆ ಬಿ.ಟಿ.ಯು. ಹೇಳುವುದು ಎಷ್ಟು ಅನಿಲ ತಿನ್ನುತ್ತದೆ ಎಂಬುದನ್ನು ಮಾತ್ರ. ಒಂದು ಕಿಲೋವ್ಯಾಟ್‌ಗೆ ಗಂಟೆಗೆ ಸುಮಾರು 3,412 ಬಿ.ಟಿ.ಯು. ಒಂದು ಕಿಲೋ ಎಲ್.ಪಿ.ಜಿ. ಸುಟ್ಟರೆ ಬರುವ ಶಾಖ, ಕರೆಂಟಿನ ಲೆಕ್ಕದಲ್ಲಿ, ಸುಮಾರು 13 ಯೂನಿಟ್. ಹಾಗಾದರೆ 41,000 ಬಿ.ಟಿ.ಯು. ಗ್ರಿಲ್ ಎಂದರೆ 12 ಕಿಲೋವ್ಯಾಟ್, ಪೂರ್ತಿ ಉರಿಯಲ್ಲಿ ಗಂಟೆಗೆ ಹತ್ತಿರ ಹತ್ತಿರ ಒಂದು ಕಿಲೋ ಅನಿಲ. ಮೊದಲು ಇಪ್ಪತ್ತು ನಿಮಿಷ ಪೂರ್ತಿ ಉರಿ, ಆಮೇಲೆ ಒಂದು ಗಂಟೆಗೆ ಮೇಲ್ಪಟ್ಟು ಅರ್ಧ ಉರಿ ಎಂದರೆ ಒಂದು ಸಂಜೆಗೆ ಮುಕ್ಕಾಲು ಕಿಲೋದಿಂದ ಒಂದು ಕಿಲೋ. 19 ಕಿಲೋ ಸಿಲಿಂಡರಿಗೆ ಇಪ್ಪತ್ತು ಇಪ್ಪತ್ತೈದು ಸಂಜೆ. ನೋಡಬೇಕಾದದ್ದು ಸುಡುವ ಜಾಗದ ಅಗಲಕ್ಕೆ ಉರಿ ಹೊಂದುತ್ತದೆಯೇ ಎಂಬುದು. ಚದರ ಅಂಗುಲಕ್ಕೆ 75ರಿಂದ 100 ಬಿ.ಟಿ.ಯು. ಇದ್ದರೆ ಸಾಕು. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಗ್ರಿಲ್ಲಿಗೆ ಮೇಲೆ ಹೇಳಿದ 41,000 ಸರಿಹೋಗುತ್ತದೆ. ಹತ್ತು ಹನ್ನೆರಡು ಜನರ ಅಡುಗೆಗೆ ಇದಕ್ಕಿಂತ ದೊಡ್ಡದು ಬೇಡ.

ಯಾವ ಅನಿಲಕ್ಕೆ ಮಾಡಿದ ಗ್ರಿಲ್ ಎಂಬುದನ್ನು ತಪ್ಪದೆ ಕೇಳಿ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ಮಾಡಿದ ಗ್ರಿಲ್ಲಿನ ಜೆಟ್ ರಂಧ್ರ ದೊಡ್ಡದು. ಅದಕ್ಕೆ ಎಲ್.ಪಿ.ಜಿ. ಜೋಡಿಸಿದರೆ ಉರಿ ಹಳದಿಯಾಗಿ ಮೇಲಕ್ಕೆ ನುಗ್ಗುತ್ತದೆ. ಹೊರದೇಶದಿಂದ ಸಾಮಾನಿನ ಜೊತೆ ತರಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹಾಗೆಯೇ ಹೋಟೆಲಿನ ಭಟ್ಟಿ ಒಲೆಗೆ ಹಾಕುವ, ತಿರುಗಿಸಿ ಒತ್ತಡ ಏರಿಸುವ ರೆಗ್ಯುಲೇಟರನ್ನು ಕಡಿಮೆ ಒತ್ತಡದ ಗ್ರಿಲ್ಲಿಗೆ ಎಂದಿಗೂ ಹಾಕಬಾರದು.

ಕಾನೂನಿನ ಮಾತೂ ಒಂದಿದೆ. 14.2 ಕಿಲೋ ಸಿಲಿಂಡರ್ ಮನೆಯ ಅಡುಗೆಗೆ ಮಾತ್ರ. ಹಣ ಕೊಟ್ಟು ಉಳಿಯುವ ಅತಿಥಿಗಳಿಗೆ ಅಡುಗೆ ಮಾಡುವುದು ವ್ಯಾಪಾರ. 2000ನೇ ಇಸವಿಯ ಎಲ್.ಪಿ.ಜಿ. ಸರಬರಾಜು ಮತ್ತು ವಿತರಣೆ ಆದೇಶದ ಪ್ರಕಾರ ಅದಕ್ಕೆ ಮನೆಯ ಸಿಲಿಂಡರ್ ಬಳಸುವಂತಿಲ್ಲ. ಹೋಂಸ್ಟೇಯವರು 19 ಕಿಲೋ ವಾಣಿಜ್ಯ ಸಿಲಿಂಡರಿನ ಸಂಪರ್ಕವನ್ನೇ ಪಡೆದು, ಅದರ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಜಾಗದ ಲೆಕ್ಕ

ನನ್ನ ಅಭಿಪ್ರಾಯದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು, ಮತ್ತು ಇದನ್ನೇ ಎಲ್ಲರೂ ಮೇಸ್ತ್ರಿಗೆ ಬಿಟ್ಟುಬಿಡುತ್ತಾರೆ.

ಎಲ್.ಪಿ.ಜಿ. ಗಾಳಿಗಿಂತ ಭಾರ, ಒಂದೂವರೆಯಿಂದ ಎರಡು ಪಟ್ಟು. ಸೋರಿದರೆ ಮೇಲೆ ಹಾರಿಹೋಗದೆ ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಕಟ್ಟೆಯ ಕೆಳಗೆ ಅಂದವಾಗಿ ಬಾಗಿಲು ಹಾಕಿ, ಒಳಗೆ ಸಿಲಿಂಡರ್ ಮುಚ್ಚಿಟ್ಟರೆ ಆ ಗೂಡು ಅನಿಲ ತುಂಬಿದ ಪೆಟ್ಟಿಗೆಯಾಗಬಹುದು, ಮೇಲೆ ಉರಿ ಹಚ್ಚುವವರು ಬೆಂಕಿಕಡ್ಡಿ ಗೀರುತ್ತಾರೆ. ಆದುದರಿಂದ ಕಟ್ಟೆಯ ಕನಿಷ್ಠ ಎರಡು ಪಕ್ಕಗಳಲ್ಲಿ, ನೆಲದ ಮಟ್ಟಕ್ಕೆ ಅಂಟಿದಂತೆ, ಗಾಳಿಗಿಂಡಿಗಳು ಇರಲೇಬೇಕು. ಇನ್ನೂ ಒಳ್ಳೆಯದೆಂದರೆ ಸಿಲಿಂಡರನ್ನು ಗೋಡೆಯ ಆಚೆ ಬದಿ, ನೆರಳಿನಲ್ಲಿ, ಸಮತಟ್ಟಾದ ನೆಲದ ಮೇಲೆ ನೆಟ್ಟಗೆ ನಿಲ್ಲಿಸುವುದು. ಹತ್ತಿರ ಚರಂಡಿಯ ಬಾಯಿ, ಗುಂಡಿ ಇರಕೂಡದು. ರಬ್ಬರ್ ನಳಿಕೆ ಐ.ಎಸ್.ಐ. ಗುರುತಿನದಿರಲಿ, ಐದು ವರ್ಷಕ್ಕೆ ತಪ್ಪದೆ ಬದಲಾಯಿಸಿ. ಇಲಿ ಕಡಿದಿದೆಯೇ ಎಂದು ಆಗಾಗ ನೋಡಿ. ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ಚಿಕ್ಕ ಮಕ್ಕಳೂ ಮಾಡಬಹುದಾದ ಪರೀಕ್ಷೆ. ಸೋರಿಕೆ ಕಂಡರೆ 1906ಕ್ಕೆ ಫೋನು ಮಾಡಬಹುದು.

ಮಳೆಗಾಲದಲ್ಲಿ ಮುಚ್ಚಿಟ್ಟ ಗ್ರಿಲ್ಲಿನ ಬರ್ನರ್ ಕೊಳವೆಯೊಳಗೆ ಜೇಡ ಬಲೆ ಹೆಣೆಯುತ್ತದೆ, ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಅನಿಲಕ್ಕೆ ಮುಂದೆ ದಾರಿಯಿಲ್ಲದೆ ಉರಿ ಹಿಂದಕ್ಕೆ, ಗುಬುಟಿನ ಕಡೆಗೆ ಬರುತ್ತದೆ. ಆದ್ದರಿಂದ ಮಳೆ ಕಳೆದ ಮೇಲೆ ಬರ್ನರ್ ಬಿಚ್ಚಿ, ತಂತಿಯ ಬ್ರಷ್ ಹಾಕಿ ತೆಗೆಯದೆ ಹಚ್ಚಲೇಬಾರದು. ಬಿಚ್ಚಲು ಕೈ ಹೋಗುವಷ್ಟು ಜಾಗವನ್ನು ಕಟ್ಟೆಯಲ್ಲಿ ಬಿಡಬೇಕು. ಹಾಗೆಯೇ ಗ್ರಿಲ್ ಮನೆಗೆ ಬಂದಮೇಲೆ ಅಳೆದು ಕಲ್ಲು ಕತ್ತರಿಸಬೇಕೇ ಹೊರತು ಪುಸ್ತಕದ ಅಳತೆ ನಂಬಿ ಮೊದಲೇ ಕತ್ತರಿಸಬಾರದು. ಕಟ್ಟೆ ಕಲ್ಲು ಅಥವಾ ಇಟ್ಟಿಗೆಯದೇ ಆಗಲಿ. ಹಲಸಿನ ಹಲಗೆ ಎಷ್ಟೇ ಚೆಂದವಿದ್ದರೂ ಬಿಸಿ ಮೈಗೆ ತಾಗಿಸಬೇಡಿ.

ಮೇಲೆ ಹೆಂಚಿನ ಮಾಡು ಬೇಕು, ಆದರೆ ಎರಡು ಕಡೆಯಾದರೂ ಪೂರ್ತಿ ತೆರೆದಿರಬೇಕು. ಮಳೆ ಬಂತೆಂದು ಒಲೆಯನ್ನೋ ಕೆಂಡದ ತಟ್ಟೆಯನ್ನೋ ಮುಚ್ಚಿದ ಕೋಣೆಯೊಳಗೆ ಒಯ್ಯುವುದು ಪ್ರಾಣಕ್ಕೇ ಅಪಾಯ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಚಳಿಯೆಂದು ಅತಿಥಿಗಳು ಕೆಂಡ ಕೇಳಿದರೂ ಕೋಣೆಗೆ ಕೊಡಬೇಡಿ.

ಇನ್ನು ನಮ್ಮ ಕಸುಬಿಗೆ ಸಂಬಂಧಿಸಿದ ಮಾತು. ಹೊರಗಡುಗೆಮನೆಗೆ ಎಲ್ಲರೂ ಆರಿಸುವುದು ಕಣದ ಅಂಚನ್ನು. ನೆಲ ಸಮ, ನೋಟ ಚೆನ್ನ. ಆದರೆ ಕಾಫಿ ಬೀಜ ವಾಸನೆ ಹೀರುವ ವಸ್ತು. ಪಾರ್ಚ್‌ಮೆಂಟ್ ಹರಡಿದ ಕಣದ ಪಕ್ಕ, ಗಾಳಿ ಬರುವ ದಿಕ್ಕಿನಲ್ಲಿ, ಕೊಬ್ಬಿನ ಹೊಗೆ ಎಬ್ಬಿಸಿದರೆ ಬಟ್ಟಲಿನಲ್ಲಿ ಅದರ ರುಚಿ ಹಿಡಿಯುವವರು ಹಿಡಿಯುತ್ತಾರೆ. ಹತ್ತು ಅತಿಥಿಗಳಿಂದ ಬಂದ ಹಣಕ್ಕಿಂತ ಹೆಚ್ಚು ಹಣ ಒಂದು ಲಾಟಿನ ದರ್ಜೆ ಇಳಿದರೆ ಹೋಗುತ್ತದೆ. ಇದಲ್ಲದೆ ಕಾಫಿ ಕೊಯ್ಲು, ಅಡಿಕೆ ಸುಲಿಯುವುದು, ಅತಿಥಿಗಳು ಹೆಚ್ಚು ಬರುವುದು, ಮೂರೂ ಡಿಸೆಂಬರ್ ಜನವರಿಯಲ್ಲೇ. ಒಣಗಿದ ಅಡಿಕೆ ಸಿಪ್ಪೆಯ ರಾಶಿಗೆ ಒಂದು ಕಿಡಿ ಸಾಕು. ಕಣ, ಗೋದಾಮು, ಸಿಪ್ಪೆರಾಶಿ ಮೂರರಿಂದಲೂ ದೂರ, ಗಾಳಿ ಅವುಗಳಿಂದ ಒಲೆಯ ಕಡೆ ಬೀಸುವಂಥ ಜಾಗ ಆರಿಸಿ. ಅಡಿಕೆ ಒಲೆ ಹೂಡುವಾಗ ಗಾಳಿಯ ದಿಕ್ಕು ನೋಡುವ ನಮಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಆನೆ ಓಡಾಡುವ ಕಡೆಯವರು ಅಕ್ಕಿ, ಉಪ್ಪು, ಬಾಳೆಹಣ್ಣುಗಳನ್ನು ರಾತ್ರಿ ಹೊರಗಡುಗೆಮನೆಯಲ್ಲಿ ಬಿಡದಿರುವುದು ಲೇಸು.

ಒಲೆಯ ಮುಂದೆ ನಿಲ್ಲುವವರು

ಹೊಸ ಒಲೆಯೊಂದು ನಮ್ಮ ಹಳ್ಳಿಗಳಿಗೆ ಬಂದದ್ದು ಇದೇ ಮೊದಲಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ಅಸ್ತ್ರ ಕೇಂದ್ರ, 1980ರ ದಶಕದಲ್ಲಿ ಮೂರು ಪಾತ್ರೆ ಕೂರುವ, ಹೊಗೆಕೊಳವೆಯಿರುವ ಅಸ್ತ್ರ ಒಲೆಯನ್ನು ಕೊಟ್ಟಿತು. ಸೌದೆ ಉಳಿತಾಯ, ಮನೆಯೊಳಗೆ ಹೊಗೆಯಿಲ್ಲ. ಕೇಂದ್ರ ಸರ್ಕಾರವೂ 1983ರಿಂದ 2002ರವರೆಗೆ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ನಡೆಸಿತು. ಒಲೆ ಒಳ್ಳೆಯದೇ. ಆದರೂ ಅನೇಕ ಮನೆಗಳಲ್ಲಿ ಅಂಥ ಒಲೆಗಳು ಒಡೆದುಹೋದವು, ಮೂಲೆ ಸೇರಿದವು. ಮನೆಯ ಪಾತ್ರೆಗೂ ಒಲೆಯ ಬಾಯಿಗೂ ಅಳತೆ ಹೊಂದಲಿಲ್ಲ, ಕೊಳವೆಯ ಮಸಿ ತೆಗೆಯುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ. ಒಲೆಯನ್ನು ಆರಿಸಿದವರು ಒಬ್ಬರು, ಉರಿಸಬೇಕಾದವರು ಇನ್ನೊಬ್ಬರು.

ಈಗಲೂ ಅದೇ ಆಗಬಾರದು. ಅತಿಥಿಗಳು ಬಂದ ಸಂಜೆ ಮಗ ಅರ್ಧ ಗಂಟೆ ಗ್ರಿಲ್ಲಿನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಬಹುದು. ಮಸಾಲೆ ಅರೆದು, ಮಾಂಸ ತೊಳೆದು, ರಾತ್ರಿ ಹತ್ತರ ಮೇಲೆ ಜಿಡ್ಡು ಉಜ್ಜುವವರು ಮನೆಯ ಹೆಂಗಸರು, ಕೆಲಸಕ್ಕೆ ಬರುವ ಹೆಣ್ಣುಮಕ್ಕಳು. ಕಟ್ಟೆ ಎಷ್ಟು ಎತ್ತರವಿರಬೇಕೆಂದು ಅವರನ್ನು ನಿಲ್ಲಿಸಿ ಅಳೆಯಿರಿ. ಹೊರದೇಶದ ಚಿತ್ರದಲ್ಲಿರುವ 36 ಅಂಗುಲ ನಮ್ಮವರ ಭುಜಕ್ಕೆ ನೋವು. 32, 33 ಅಂಗುಲ ಹಿತ. ಜೊತೆಗೆ ನಲ್ಲಿ, ಬಚ್ಚಲು, ಬೆಳಕು ಅಲ್ಲೇ ಇರಲಿ. ಗ್ರಿಲ್ಲಿಗೆ ಲಕ್ಷ ಹಾಕಿ, ದಿನಾ ಉರಿಯುವ ಆಳುಗಳ ಅಡುಗೆ ಒಲೆಯನ್ನು ಹೊಗೆ ಕಾರುವ ಮೂರು ಕಲ್ಲಿನ ಮೇಲೆಯೇ ಬಿಟ್ಟರೆ ಅದು ನ್ಯಾಯವಲ್ಲ. ಮನೆಯೊಳಗಿನ ಒಲೆ ಹೊಗೆಯಿಂದ ಜಗತ್ತಿನಲ್ಲಿ 2020ರ ಒಂದೇ ವರ್ಷದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಹೊಗೆಕೊಳವೆಯುಳ್ಳ ಒಂದು ಸೌದೆ ಒಲೆಗೆ ತಗಲುವ ಖರ್ಚು ಗ್ರಿಲ್ಲಿನ ಬೆಲೆಯಲ್ಲಿ ಒಂದು ಸಣ್ಣ ಪಾಲು.

ಕೊನೆಯದಾಗಿ

ಆದುದರಿಂದ ನನ್ನ ಸಲಹೆ ಹೀಗಿದೆ. ಈ ವರ್ಷ ಮಾಡು, ಕಟ್ಟೆ, ನೀರು, ಹೊಗೆಕೊಳವೆಯ ಸೌದೆ ಒಲೆ, ಪಕ್ಕದಲ್ಲೊಂದು ಸಾಮಾನ್ಯ ಗ್ಯಾಸ್ ಒಲೆ, ಕೆಂಡದ ತೊಟ್ಟಿ, ಇಷ್ಟು ಕಟ್ಟಿಸಿ. ಗ್ರಿಲ್ಲಿಗೆಂದು ಮೂರಡಿ ಜಾಗ ಗಾಳಿಗಿಂಡಿ ಸಮೇತ ಖಾಲಿ ಬಿಡಿ. ಒಂದು ವರ್ಷ ಕೆಂಡದ ತೊಟ್ಟಿಯನ್ನು ಎಷ್ಟು ಸಂಜೆ ಉರಿಸಿದಿರಿ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಐವತ್ತು ದಾಟಿದರೆ 304 ಉಕ್ಕಿನ, ಎರಡು ಅಥವಾ ಮೂರು ಬರ್ನರಿನ ಗ್ರಿಲ್ ಸಂತೋಷವಾಗಿ ಕೊಳ್ಳಿ. ದಾಟದಿದ್ದರೆ ಆ ಜಾಗದಲ್ಲಿ ರುಬ್ಬುವ ಕಲ್ಲು ಕೂರಿಸಿ.

ಇನ್ನೊಂದು ಮಾತನ್ನು ಕಾರ್ಯದರ್ಶಿಯಾಗಿ ಹೇಳಲೇಬೇಕು. ಬೆಳೆಸಾಲದ ಹಣದಲ್ಲಿ ದಯವಿಟ್ಟು ಇದನ್ನು ಕೊಳ್ಳಬೇಡಿ. ಆ ಹಣ ಬೋರ್ಡೋ ದ್ರಾವಣಕ್ಕೆ, ಗೊಬ್ಬರಕ್ಕೆ, ಕಸಿಯ ಕೂಲಿಗೆ ಕೊಟ್ಟದ್ದು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ನಮಗೆ ಬೆಲೆ ಬಂದಾಗ ನಮ್ಮವರು ಏನೇನು ಕೊಂಡರು, 2001-02ರಲ್ಲಿ ಬೆಲೆ ನೆಲ ಕಚ್ಚಿದಾಗ ಅದರಲ್ಲಿ ಏನೇನು ಮಾರಿದರು ಎಂಬುದು ಹಿರಿಯ ಸದಸ್ಯರಿಗೆ ನೆನಪಿದೆ. ಹಲ್ಲರ್, ಕಣ, ಕೆರೆ ಉಳಿದವು. ಹೊಳಪಿನ ಸಾಮಾನು ಉಳಿಯಲಿಲ್ಲ.

ಹೋಂಸ್ಟೇ ನಡೆಸುವ ಸದಸ್ಯರು ನಾಲ್ಕೈದು ಮಂದಿ ಒಂದೇ ಅಳತೆಯ ಗ್ರಿಲ್ ಒಟ್ಟಿಗೆ ಕೊಂಡರೆ ದರವೂ ಇಳಿಯುತ್ತದೆ, ಬರ್ನರ್ ಮುಂತಾದ ಬಿಡಿಭಾಗಗಳನ್ನು ಸಂಘದ ಉಗ್ರಾಣದಲ್ಲಿ ಇಟ್ಟುಕೊಳ್ಳಲೂ ಬರುತ್ತದೆ. ಈ ಬಗ್ಗೆ ಒಲವಿರುವವರು ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ವಿನಂತಿ. ಬರುವಾಗ ಮನೆಯವರನ್ನೂ ಕರೆದುಕೊಂಡು ಬನ್ನಿ. ಕಟ್ಟೆಯ ಎತ್ತರವನ್ನು ಅವರೇ ಹೇಳಲಿ.